ತೆರೆಯಬಾರದ ಪುಸ್ತಕದ ಬೆಲೆ

ಬ್ಯಾಂಕಿನ ಕೌಂಟರಿನಲ್ಲಿ ಕೆಲವು ವರ್ಷ ಕುಳಿತವನಿಗೆ ಹರಿದ ನೋಟಿನ ಶಾಸ್ತ್ರ ಚೆನ್ನಾಗಿ ತಿಳಿದಿರುತ್ತದೆ. ಎಣ್ಣೆ ಹತ್ತಿದ, ಬೆವರಿನಲ್ಲಿ ನೆನೆದ, ಮಡಿಚಿ ಮಡಿಚಿ ಬಣ್ಣಗೆಟ್ಟ ನೋಟನ್ನು ತಂದವನಿಗೆ ನಾವು ಪೂರ್ಣ ಬೆಲೆಯ ನೋಟನ್ನೇ ಕೊಡುತ್ತೇವೆ. ಒಂದು ಭಾಗ ಕಳೆದುಹೋಗಿದ್ದರೆ ಮಾತ್ರ ಅಳತೆಯ ಮಾತು ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನ ಅತಿ ದೊಡ್ಡ ತುಂಡು ನೂರಕ್ಕೆ 80 ಪಾಲನ್ನು ಮೀರಿದ್ದರೆ ಪೂರ್ಣ ಬೆಲೆ. 40ರಿಂದ 80ರ ವರೆಗೆ ಅರ್ಧ ಬೆಲೆ. 40ಕ್ಕೂ ಕಡಮೆಯಾದರೆ ಏನೂ ಇಲ್ಲ. ಇಡಿಯಾಗಿ ಉಳಿದ ನೋಟು ಎಷ್ಟೇ ಕೊಳೆಯಾಗಿರಲಿ, ಅದರ ಬೆಲೆ ಒಂದು ಕಾಸೂ ಇಳಿಯದು. ಏಕೆಂದರೆ ನೋಟಿನ ಬೆಲೆಯಿರುವುದು ಕಾಗದ ಆಡುವ ಮಾತಿನಲ್ಲಿ. ಕಾಗದವು ಆ ಮಾತಿನ ವಾಹನ ಮಾತ್ರ.

ಈ ಮಾತು ಇಲ್ಲಿ ಬಂದುದಕ್ಕೆ ಕಾರಣವಿದೆ. ಅಮೆರಿಕೆಯಲ್ಲಿ ಹಳೆಯ ಚಿತ್ರಕಥಾ ಪುಸ್ತಿಕೆಗಳನ್ನು, ಎಂದರೆ ನಾವು ಕಾಮಿಕ್ಸ್ ಎಂದು ಕರೆಯುವವನ್ನು, ಕೊಂಡು ಮಾರುವ ಸಂಗ್ರಾಹಕರ ದೊಡ್ಡದೊಂದು ಪೇಟೆಯಿದೆ. ಅಲ್ಲಿಯ ನ್ಯಾಯ ನೋಟಿನ ನ್ಯಾಯಕ್ಕೆ ತೀರ ವಿಪರೀತವಾದುದು. ಮುಖಪುಟದ ಮೂಲೆಯಲ್ಲಿ ಒಂದು ಗೀರು, ಬೆನ್ನಿನ ಮಡಿಕೆಯಲ್ಲಿ ಬಣ್ಣ ಬಿಟ್ಟ ಕೂದಲೆಳೆಯಷ್ಟು ಬಿಳುಪು, ಹೊಲಿಗೆಯ ತಂತಿಯ ಸುತ್ತ ತುಕ್ಕಿನ ಛಾಯೆ: ಇಷ್ಟು ಸಾಕು, ಸಾವಿರಾರು ಡಾಲರುಗಳು ಕರಗಿಹೋಗುತ್ತವೆ. ಒಳಗಣ ಕಥೆ ಎಲ್ಲ ಪ್ರತಿಗಳಲ್ಲಿಯೂ ಒಂದೇ. ಬೆಲೆ ಮಾತ್ರ ಪ್ರತಿಯಿಂದ ಪ್ರತಿಗೆ ನೂರು ಮಡಿ ವ್ಯತ್ಯಾಸವಾಗಬಹುದು. ಇದನ್ನು ಹಣವುಳ್ಳವರ ಚಾಪಲ್ಯವೆಂದು ನಕ್ಕು ಬಿಡುವುದು ಸುಲಭ. ನಮ್ಮ ಶಾಖೆಯ ತರುಣ ಮಿತ್ರರೊಬ್ಬರು ಈ ವಿಷಯವನ್ನು ಮೊದಲು ನನಗೆ ಹೇಳಿದಾಗ ನಾನೂ ಹಾಗೆಯೇ ನಕ್ಕೆ. ಆದರೆ ಪುಸ್ತಕವೊಂದನ್ನು ಪರೀಕ್ಷಿಸಿ ಅದರ ಯೋಗ್ಯತೆಯನ್ನು ನಿರ್ಣಯಿಸುವುದು ಒಂದು ಬಗೆಯ ವಿಮರ್ಶೆಯೇ ತಾನೆ? ಆ ವಿಮರ್ಶೆ ಏನನ್ನು ನೋಡುತ್ತದೆ, ಏನನ್ನು ನೋಡಲೊಲ್ಲದು ಎಂಬುದು ಪುಸ್ತಕವನ್ನು ಪ್ರೀತಿಸುವವರೆಲ್ಲರೂ ವಿಚಾರಿಸತಕ್ಕ ವಿಷಯವೆಂದು ಈಗ ತೋರುತ್ತದೆ.

ಮೊದಲು ವ್ಯವಹಾರದ ರೀತಿಯನ್ನು ತಿಳಿಯೋಣ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಹಳೆಯ ಕಾಮಿಕ್ಸುಗಳ ಬೆಲೆಪಟ್ಟಿಯೊಂದನ್ನು ಪುಸ್ತಕರೂಪದಲ್ಲಿ ಹೊರಡಿಸಿದರು. ಅದುವರೆಗೆ ಬಾಯಿಮಾತಿನಲ್ಲಿದ್ದ ಬೆಲೆಗಳಿಗೆ ಅದರಿಂದ ಒಂದು ಆಧಾರ ಸಿಕ್ಕಿತು. ಆದರೆ ಪ್ರತಿಯ ಸ್ಥಿತಿಯನ್ನು ಹೇಳುವವನು ಮಾರುವವನೇ. ಅವನು ‘ಉತ್ತಮ’ ಎಂದುದು ಅಂಚೆಯಲ್ಲಿ ಬಂದಾಗ ಕೊಂಡವನ ಕಣ್ಣಿಗೆ ‘ಸಾಧಾರಣ’ವಾಗಿ ಕಾಣುವುದು ಲೋಕಸಹಜ. 1990ರ ದಶಕದ ಕೊನೆಗೆ ಪರಸ್ಪರ ಮುಖ ನೋಡದವರ ನಡುವೆ ಇಂಟರ್‌ನೆಟ್ಟಿನ ಹರಾಜು ಬೆಳೆದ ಮೇಲಂತೂ ಈ ತಕರಾರು ಹೆಚ್ಚಿತು. ನಾಣ್ಯಗಳ ಪೇಟೆಯಲ್ಲಿ 1980ರ ದಶಕದಿಂದಲೇ ಮಧ್ಯಸ್ಥ ಪರೀಕ್ಷಕರು ಇದ್ದರು. ಅದೇ ಪದ್ಧತಿಯನ್ನು 2000ದಲ್ಲಿ ಕಾಮಿಕ್ಸುಗಳಿಗೂ ತಂದುದು ಸಿಜಿಸಿ ಎಂಬ ಸಂಸ್ಥೆ. ಅದು ಈಗ ಫ್ಲಾರಿಡಾದಲ್ಲಿ ನೆಲೆಸಿದೆ. ಅಲ್ಲಿಗೆ ಕಳುಹಿಸಿದ ಪ್ರತಿಯ ಪುಟಗಳನ್ನು ಎಣಿಸುತ್ತಾರೆ, ತೇಪೆ, ಬಣ್ಣ ತುಂಬಿಕೆ, ಅಂಚಿನ ಕತ್ತರಿಕೆಗಳಿಗಾಗಿ ಹುಡುಕುತ್ತಾರೆ, ಕಾಗದದ ಬಣ್ಣವನ್ನು ಗುರುತಿಸುತ್ತಾರೆ, ಕೊನೆಗೆ 0.5ರಿಂದ 10.0ರ ವರೆಗಿನ ಮಾನದಲ್ಲಿ ಒಂದು ಅಂಕವನ್ನು ಕೊಡುತ್ತಾರೆ. ಅನಂತರ ಪುಸ್ತಿಕೆಯನ್ನು ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು ಬೆಸೆದುಬಿಡುತ್ತಾರೆ. ಸಂಗ್ರಾಹಕರ ಮಾತಿನಲ್ಲಿ ಇದು ‘ಸ್ಲ್ಯಾಬ್’, ಎಂದರೆ ಚಪ್ಪಡಿ. ಮೇಲಣ ಚೀಟಿ ನೀಲಿಯಾದರೆ ಪ್ರತಿ ಸಹಜ ಸ್ಥಿತಿಯಲ್ಲಿದೆಯೆಂದೂ ನೇರಿಳೆಯಾದರೆ ದುರಸ್ತಿಗೊಂಡಿದೆಯೆಂದೂ ತಿಳಿಯಬೇಕು. ಪೆಟ್ಟಿಗೆಯನ್ನು ಒಡೆದರೆ ಅಂಕಕ್ಕೆ ಬೆಲೆಯಿಲ್ಲ.

ಬ್ಯಾಂಕಿನವನಾದ ನನಗೆ ಇದರಲ್ಲಿ ಹಾಸ್ಯಾಸ್ಪದವಾದುದೇನೂ ಕಾಣದು. ಚಿನ್ನದ ಮೇಲೆ ಸಾಲ ಕೊಡುವಾಗ ಒರೆ ಹಚ್ಚಿ ನೋಡುವವನು ಸಾಲಗಾರನೂ ಆಗಿರಬಾರದು, ಸಾಲ ಮಂಜೂರು ಮಾಡುವವನೂ ಆಗಿರಬಾರದು. ಮಧ್ಯಸ್ಥನ ಮಾತಿನ ಮೇಲೆ ವ್ಯಾಪಾರ ನಿಲ್ಲುವುದು ನಾಗರಿಕತೆಯ ಒಂದು ಲಕ್ಷಣ. ದೂರದ ಊರಿನ ಬಡ ಸಂಗ್ರಾಹಕನೊಬ್ಬ ಈ ಅಂಕದಿಂದಾಗಿ ಮೋಸದಿಂದ ಪಾರಾಗಿದ್ದರೆ ಅದು ಸಣ್ಣ ಉಪಕಾರವಲ್ಲ.

ಅಂಕ ಬೆಲೆಯ ಮೇಲೆ ಮಾಡುವ ಕೆಲಸ ಮಾತ್ರ ವಿಚಿತ್ರವಾದುದು. 1962ರಲ್ಲಿ 12 ಸೆಂಟಿಗೆ ಮಾರಾಟವಾದ ‘ಅಮೇಜಿಂಗ್ ಫ್ಯಾಂಟಸಿ’ಯ 15ನೆಯ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡನು. ಅದರ 9.4 ಅಂಕದ ಪ್ರತಿಯೊಂದು 2020ರಲ್ಲಿ 7 ಲಕ್ಷ 95 ಸಾವಿರ ಡಾಲರಿಗೆ ಹೋಯಿತು, 9.6ರ ಪ್ರತಿ 2021ರಲ್ಲಿ 36 ಲಕ್ಷ ಡಾಲರಿಗೆ. ಮಹಾಮಾರಿಯ ಆ ದಿನಗಳಲ್ಲಿ ಎಲ್ಲ ಸಂಗ್ರಹವಸ್ತುಗಳ ಬೆಲೆಯೂ ಏರಿತ್ತೆಂಬುದನ್ನು ಕಳೆದು ನೋಡಿದರೂ, ಒಂದು ಅಂಶದ ಹತ್ತರಲ್ಲಿ ಎರಡು ಪಾಲಿಗೆ ಸಂದ ದಕ್ಷಿಣೆ ಕಣ್ಣು ಕುಕ್ಕುತ್ತದೆ. ಬರಿಗಣ್ಣಿಗೆ ಆ ಭೇದವನ್ನು ತೋರಿಸಿಕೊಡುವುದು ಪರೀಕ್ಷಕನಿಗೂ ಕಷ್ಟ. 1939ರ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ 9.0 ಅಂಕದ ಪ್ರತಿ, ಕ್ಯಾಲಿಫೋರ್ನಿಯಾದ ಒಂದು ಮನೆಯ ಅಟ್ಟದಲ್ಲಿ ಹಳೆಯ ವೃತ್ತಪತ್ರಿಕೆಗಳ ಅಡಿಯಲ್ಲಿ ಸಿಕ್ಕಿದ್ದು, 2025ರ ನವೆಂಬರಿನಲ್ಲಿ 91 ಲಕ್ಷ 20 ಸಾವಿರ ಡಾಲರಿಗೆ ಮಾರಾಟವಾಯಿತು. ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿದ್ದ ಮಕ್ಕಳಿಗೆ ಅದು ಸಿಕ್ಕಿದ್ದು. ಆ ತಾಯಿ ಅಟ್ಟ ಗುಡಿಸುವವಳಾಗಿದ್ದಿದ್ದರೆ ಈ ಕಥೆಯೇ ಇಲ್ಲ.

ಈಗ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಉದಾಹರಣೆ. 1974ರ ನವೆಂಬರ್ ತಿಂಗಳ ‘ಇನ್‌ಕ್ರೆಡಿಬಲ್ ಹಲ್ಕ್’ 181ನೆಯ ಸಂಚಿಕೆ ವುಲ್ವರಿನ್ ಎಂಬ ಪಾತ್ರ ಮೊದಲು ಪೂರ್ಣವಾಗಿ ಕಾಣಿಸಿಕೊಂಡ ಕಾರಣಕ್ಕೆ ಪೇಟೆಯಲ್ಲಿ ಪ್ರಸಿದ್ಧವಾಗಿದೆ. ಅಂದಿನ ಬೆಲೆ 25 ಸೆಂಟು. ಆ ದಿನಗಳಲ್ಲಿ ಮಾರ್ವೆಲ್ ಪ್ರಕಾಶನದವರು ತಮ್ಮ ಪುಸ್ತಿಕೆಗಳ ಓದುಗರ ಪತ್ರಗಳ ಪುಟದಲ್ಲಿ ಒಂದೊಂದು ಚಿತ್ರಮುದ್ರೆಯನ್ನು ಅಚ್ಚು ಹಾಕಿಸುತ್ತಿದ್ದರು. ಮಕ್ಕಳು ಅದನ್ನು ಕತ್ತರಿಸಿ, ಒಂದು ಪುಟ್ಟ ಪುಸ್ತಕದಲ್ಲಿ ಅಂಟಿಸಿ, ಸರಣಿಯನ್ನು ಪೂರ್ತಿಮಾಡಬೇಕು. ಪ್ರಕಾಶಕರ ಆಜ್ಞೆ ಇದು. ಈ 181ರಲ್ಲಿಯೂ ಅಂಥದೊಂದು ಮುದ್ರೆಯಿತ್ತು. ಆದುದರಿಂದ ಇಂದು ಆ ಸಂಚಿಕೆಯನ್ನು ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ: ಮುದ್ರೆ ಇದೆಯೇ, ಇಲ್ಲವೇ? ಇಲ್ಲದಿದ್ದರೆ ಬೆಲೆಯ ಬಹುಪಾಲು ಇಲ್ಲ. ಮುಖಪುಟ ಕನ್ನಡಿಯಂತಿದ್ದರೂ ಚೀಟಿಯಲ್ಲಿ ಈ ಅಂಗಚ್ಛೇದ ದಾಖಲಾಗುತ್ತದೆ. ಹಾಗೆ ಕತ್ತರಿಸಿದವನು ಯಾರು? ಹತ್ತು ವರ್ಷದ ಒಬ್ಬ ಹುಡುಗ; ಪುಸ್ತಿಕೆಯನ್ನು ಕೊಂಡು, ಕಥೆಯನ್ನಷ್ಟೇ ಅಲ್ಲದೆ ಪತ್ರಗಳ ಪುಟವನ್ನೂ ಬಿಡದೆ ಓದಿ, ಹೇಳಿದಂತೆ ಕತ್ತರಿ ಹಿಡಿದವನು. ಅವನಿಗಿಂತ ಶ್ರದ್ಧಾಳುವಾದ ಓದುಗ ಯಾವ ಪತ್ರಿಕೆಗೆ ಸಿಕ್ಕಾನು? ಪೇಟೆಯ ಲೆಕ್ಕದಲ್ಲಿ ಮಾತ್ರ ಅವನು ಅಪರಾಧಿ. ಕೊಂಡು ತಂದು ಓದದೆ ಮೂಲೆಗೆಸೆದು ಮರೆತವನು, ಅವನಿಗೆ ತಿಳಿಯದಂತೆಯೇ, ದೊಡ್ಡ ಸಂರಕ್ಷಕ.

ಸ್ಥಿತಿಯ ಅಂಕ ಓದಿನ ಅಂಕಕ್ಕೆ ವಿಲೋಮವಾಗಿ ನಿಲ್ಲುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಪ್ರತಿಯೊಂದು ಓದೂ ಬೆನ್ನಿನ ಮೇಲೆ ಒಂದು ಗೆರೆ ಬಿಡುತ್ತದೆ. 10.0ಕ್ಕೆ ಸಮೀಪವಾದ ಪ್ರತಿಯೆಂದರೆ ಓದುಗನ ಕೈಗೆ ಹೆಚ್ಚುಕಡಮೆ ಸಿಕ್ಕದೇ ಇದ್ದ ಪ್ರತಿ. 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ಸುಮಾರು 2 ಲಕ್ಷ ಪ್ರತಿ ಅಚ್ಚಾಗಿ 10 ಸೆಂಟಿಗೊಂದರಂತೆ ಹೋಯಿತು. ಉಳಿದಿರುವುದು ನೂರರ ಆಸುಪಾಸು ಎಂದು ಅಂದಾಜು. ಮಿಕ್ಕವೆಲ್ಲ ಎಲ್ಲಿ ಹೋದವು? ಯುದ್ಧಕಾಲದಲ್ಲಿ ಹಳೆಯ ಕಾಗದವನ್ನು ಮನೆ ಮನೆಯಿಂದ ಒಟ್ಟುಗೂಡಿಸಿ ಕಾರ್ಖಾನೆಗೆ ಸಾಗಿಸಿದರು. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಣ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಯಿತು. 1954ರಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ಇವು ಮಕ್ಕಳನ್ನು ಕೆಡಿಸುತ್ತವೆಂದು ಗ್ರಂಥ ಬರೆದರು. ಅದಕ್ಕೂ ಮೊದಲೇ ಕೆಲವು ಊರುಗಳಲ್ಲಿ ಶಾಲೆಯಂಗಳದಲ್ಲಿ ರಾಶಿ ಹಾಕಿ ಸುಟ್ಟದ್ದುಂಟು. ಎಲ್ಲಕ್ಕಿಂತ ಹೆಚ್ಚಾಗಿ, ಅವನ್ನು ಮಕ್ಕಳು ಓದಿದರು, ಗೆಳೆಯರಿಗೆ ಕೊಟ್ಟರು, ಹರಿದರು. ಉಳಿದವುಗಳ ಬೆಲೆಗೆ ಕಾರಣವಾದುದು ಹೋದವುಗಳ ಸಾರ್ಥಕತೆ.

ಚೆನ್ನಾಗಿ ಉಳಿದವುಗಳ ಚರಿತ್ರೆಯೂ ಕೇಳತಕ್ಕದ್ದೆ. ಕೊಲರಾಡೊ ಪ್ರಾಂತದ ಎಡ್ಗರ್ ಚರ್ಚ್ ಎಂಬ ವಾಣಿಜ್ಯ ಚಿತ್ರಕಾರರು ದಶಕಗಳ ಕಾಲ ಕೊಂಡು ಪೇರಿಸಿಟ್ಟಿದ್ದ ಹದಿನೆಂಟು ಸಾವಿರಕ್ಕೂ ಮಿಕ್ಕ ಪುಸ್ತಿಕೆಗಳು 1977ರಲ್ಲಿ ಚಕ್ ರೊಜಾನ್‌ಸ್ಕಿ ಎಂಬ ವ್ಯಾಪಾರಿಯ ಕೈಸೇರಿದವು. ಒಣಹವೆಯಲ್ಲಿ, ಒಂದರ ಭಾರಕ್ಕೆ ಇನ್ನೊಂದು ಒತ್ತಿಕೊಂಡು, ಅವು ಬೆಳ್ಳಗೆ ಉಳಿದಿದ್ದವು. ಇಂದಿಗೂ ಆ ಸಂಗ್ರಹದಿಂದ ಬಂದ ಪ್ರತಿಗೆ ವಂಶಾವಳಿಯ ಮರ್ಯಾದೆ ಸಲ್ಲುತ್ತದೆ. 2014ರಲ್ಲಿ 32 ಲಕ್ಷ ಡಾಲರಿಗೆ ಮೀರಿ ಹೋದ ‘ಆ್ಯಕ್ಷನ್ ಕಾಮಿಕ್ಸ್’ ಪ್ರತಿ ಪಶ್ಚಿಮ ವರ್ಜೀನಿಯಾದ ಗುಡ್ಡಗಾಡಿನಲ್ಲಿ ದೇವದಾರು ಪೆಟ್ಟಿಗೆಯೊಳಗೆ ಮಲಗಿದ್ದುದಂತೆ.

ಈ ಮೊದಲ ಸಂಚಿಕೆಗೆ ಸಂಬಂಧಿಸಿದ ಇನ್ನೊಂದು ಕಾಗದವನ್ನು ಬ್ಯಾಂಕಿನವನು ಹೇಳದೆ ಬಿಡಲಾರ. ಸೂಪರ್‌ಮ್ಯಾನ್ ಪಾತ್ರವನ್ನು ನಿರ್ಮಿಸಿದ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರಿಗೆ 1938ರ ಮಾರ್ಚ್ 1ನೆಯ ತಾರೀಖಿನ ಒಂದು ಚೆಕ್ಕು ಬಂದಿತು. ಮೊತ್ತ 412 ಡಾಲರು. ಅದರಲ್ಲಿ ಸೂಪರ್‌ಮ್ಯಾನಿನ ಸಮಸ್ತ ಹಕ್ಕಿಗೆ ಸಂದದ್ದು 130 ಡಾಲರು. ಉಳಿದುದು ಬೇರೆ ಕೆಲಸಗಳ ಬಾಬ್ತು. ಚೆಕ್ಕು ಬರೆದವರು ಇಬ್ಬರ ಹೆಸರನ್ನೂ ತಪ್ಪಾಗಿ ಬರೆದಿದ್ದರು. ಆದುದರಿಂದ ಅವರು ಹಿಂಬರಹದಲ್ಲಿ ತಪ್ಪು ಹೆಸರಿನಿಂದ ಒಮ್ಮೆ, ಸರಿಯಾದ ಹೆಸರಿನಿಂದ ಇನ್ನೊಮ್ಮೆ ರುಜು ಹಾಕಬೇಕಾಯಿತು. ಇಂದಿಗೂ ನಾವು ಗಿರಾಕಿಗಳಿಂದ ಮಾಡಿಸುವ ಕೆಲಸವೇ ಅದು. ನಾನು ಇದನ್ನು ಓದಿದಾಗ ಆ ಅಜ್ಞಾತ ಗುಮಾಸ್ತನ ಮುಖ ಕಂಡಂತಾಯಿತು. ಈ ಇಬ್ಬರು ಅನಂತರ ಬಹುಕಾಲ ಕಷ್ಟದಲ್ಲಿದ್ದು, 1975ರಲ್ಲಿ ಲೋಕಾಪವಾದಕ್ಕೆ ಅಂಜಿದ ಕಂಪೆನಿಯಿಂದ ವರ್ಷಾಶನವನ್ನೂ ಪುಸ್ತಿಕೆಯ ಮೇಲೆ ತಮ್ಮ ಹೆಸರನ್ನೂ ಪಡೆದರು. ಪಾವತಿಯಾದ ಚೆಕ್ಕು ಬ್ಯಾಂಕಿನ ದೃಷ್ಟಿಯಲ್ಲಿ ಸತ್ತ ಕಾಗದ. ನಿಯಮಿತ ವರ್ಷಗಳು ಕಳೆದ ಮೇಲೆ ನಾಶಮಾಡುವಂಥದು. ಈ ಸತ್ತ ಕಾಗದ 2012ರಲ್ಲಿ 1 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು. ಆದರೂ ಇದರ ಬೆಲೆ ನನಗೆ ಅನ್ಯಾಯವೆಂದು ತೋರುವುದಿಲ್ಲ. ಆ ಚೆಕ್ಕಿನ ಮಡಿಕೆಯೂ ಮೊಹರೂ ಎರಡೆರಡು ರುಜುಗಳೂ ಅದರ ಕಥೆಯನ್ನೇ ಹೇಳುತ್ತವೆ. ಅಲ್ಲಿ ಬಳಕೆಯ ಗುರುತೇ ಅರ್ಥ. ಅದೇ ಪೇಟೆ ಪುಸ್ತಿಕೆಯ ಮೇಲಿನ ಬಳಕೆಯ ಗುರುತನ್ನು ಕಲಂಕವೆಂದು ಎಣಿಸುವುದೇಕೆ?

ಕಲಂಕ ತೊಳೆಯುವ ಉದ್ಯೋಗವೂ ಬೆಳೆದಿದೆ. ಅಲ್ಪ ತೇವ, ಹದವಾದ ಬಿಸಿ, ಭಾರ, ಇವುಗಳಿಂದ ಪುಸ್ತಿಕೆಯನ್ನು ಒತ್ತಿ ಮಡಿಕೆ ಡೊಂಕುಗಳನ್ನು ನೀಗುತ್ತಾರೆ. 8.5 ಎಂದು ಚೀಟಿ ಪಡೆದ ಪ್ರತಿಯನ್ನು ಪೆಟ್ಟಿಗೆಯಿಂದ ಬಿಡಿಸಿ, ಒತ್ತಿಸಿ, ಮರಳಿ ಕಳುಹಿಸಿದರೆ 9.0 ಬರಬಹುದೆಂಬ ಆಸೆ. ಪರೀಕ್ಷಕ ಸಂಸ್ಥೆ ಇದನ್ನು ದುರಸ್ತಿಯೆಂದು ಎಣಿಸುವುದಿಲ್ಲ. ಹಾಗಾಗಿ ನೀಲಿ ಚೀಟಿ ನೀಲಿಯಾಗಿಯೇ ಉಳಿಯುತ್ತದೆ. 2012ರಲ್ಲಿ ಅದರ ಮಾತೃಸಂಸ್ಥೆಯೇ ಇಂಥ ಒತ್ತುವ ಕಸಬಿನ ಒಂದು ಉದ್ಯಮವನ್ನು ಕೊಂಡುಕೊಂಡಿತು. ಎಲ್ಲವೂ ಬಹಿರಂಗವಾಗಿಯೇ ನಡೆದಿದೆ, ನಿಜ. ಆದರೂ ಒರೆ ಹಚ್ಚುವ ಅಕ್ಕಸಾಲಿಗನ ಅಣ್ಣ ಪಕ್ಕದಲ್ಲೇ ಮೆರುಗಿನ ಅಂಗಡಿಯಿಟ್ಟಿದ್ದರೆ ನಮ್ಮ ಆಡಿಟರು ಒಂದು ಟಿಪ್ಪಣಿಯನ್ನಾದರೂ ಬರೆಯದೆ ಇರಲಾರರು. 2023ರ ಕೊನೆಗೆ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು: ಪೆಟ್ಟಿಗೆಯನ್ನು ಗುರುತು ಸಿಕ್ಕದಂತೆ ತೆರೆದು, ಮೇಲಂಕದ ಚೀಟಿಯ ಹಿಂದೆ ಕೀಳು ಪ್ರತಿಯನ್ನಿಟ್ಟು ಮುಚ್ಚಿದ ಪ್ರಕರಣಗಳು. ಕೊಂಡವರು ಚೀಟಿಯನ್ನು ನೋಡಿದ್ದರು, ಪುಸ್ತಿಕೆಯನ್ನು ನೋಡಿರಲಿಲ್ಲ.

ಸಂಗ್ರಾಹಕರ ಪರವಾಗಿ ಹೇಳಬೇಕಾದುದು ಬಹಳವಿದೆ. ವಿಶ್ವವಿದ್ಯಾನಿಲಯಗಳು ಕಾಮಿಕ್ಸನ್ನು ಕಸವೆಂದು ಕಂಡ ಕಾಲದಲ್ಲಿ ಅದರ ಚರಿತ್ರೆಯನ್ನು ಬರೆದವರು ಇವರೇ. ಜೆರಿ ಬೇಲ್ಸ್ ಎಂಬ ಅಧ್ಯಾಪಕರು 1961ರಲ್ಲಿ ಚಿಕ್ಕದೊಂದು ಪತ್ರಿಕೆ ಹೊರಡಿಸಿ, ಹೆಸರೇ ಅಚ್ಚಾಗದ ಸಾವಿರಾರು ಪುಟಗಳ ಲೇಖಕ, ಚಿತ್ರಕಾರರನ್ನು ಶೈಲಿಯಿಂದಲೂ ಪತ್ರವ್ಯವಹಾರದಿಂದಲೂ ಪತ್ತೆಹಚ್ಚಿ 1970ರ ದಶಕದಲ್ಲಿ ಒಂದು ಕೋಶವನ್ನೇ ಕಟ್ಟಿದರು. ಓಲೆಗರಿಗಳನ್ನು ಹುಡುಕಿ ಮೂರು ಸಂಪುಟಗಳಲ್ಲಿ ಕವಿಚರಿತೆಯನ್ನು ಕೊಟ್ಟ ಆರ್. ನರಸಿಂಹಾಚಾರ್ಯರನ್ನು ನೆನೆಯುವ ನಮಗೆ ಇಂಥ ಶ್ರಮದ ಬೆಲೆ ತಿಳಿಯದ್ದಲ್ಲ. ವಸ್ತುಗಳ ಘನತೆ ಬೇರೆಯಿರಬಹುದು. ಹುಡುಕುವ ಬುದ್ಧಿ ಒಂದೇ ಜಾತಿಯದು.

ಆದರೆ ಹಸ್ತಪ್ರತಿಶಾಸ್ತ್ರ ನಮಗೆ ಕಲಿಸಿದುದು ಇನ್ನೊಂದುಂಟು. ಗ್ರಂಥಸಂಪಾದಕನೂ ಪ್ರತಿಯ ಸ್ಥಿತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ: ಗರಿಗಳು ಎಷ್ಟು, ಎಲ್ಲಿ ಹುಳು ಕೊರೆದಿದೆ, ಎಲ್ಲಿ ತ್ರುಟಿತ, ಯಾವ ಕೈಬರಹ. ಈ ವಿವರಗಳ ಪಟ್ಟಿ ಫ್ಲಾರಿಡಾದ ಪರೀಕ್ಷಕನ ಪಟ್ಟಿಗಿಂತ ಬಹಳ ಭಿನ್ನವಾಗಿಲ್ಲ. ಭೇದ ಬರುವುದು ಮುಂದಿನ ಹೆಜ್ಜೆಯಲ್ಲಿ. ಸಂಪಾದಕನಿಗೆ ಸ್ಥಿತಿ ಸಾಧನ, ಪಾಠ ಸಾಧ್ಯ. ಹೊಗೆ ಹಿಡಿದು ಕಪ್ಪಾಗಿ ಅರ್ಧ ಗರಿ ಮುರಿದ ಪ್ರತಿಯಲ್ಲಿ ಒಂದು ಪದ್ಯದ ಮೂಲಪಾಠ ಸಿಕ್ಕಿದರೆ, ಮುತ್ತು ಪೋಣಿಸಿದಂತೆ ಬರೆದ ನಿರ್ದುಷ್ಟ ಪ್ರತಿಯನ್ನು ಅವನು ಬದಿಗಿಡುತ್ತಾನೆ. ಓದುಗನೊಬ್ಬ ಅಂಚಿನಲ್ಲಿ ಗೀಚಿದ ಟಿಪ್ಪಣಿ ಅವನಿಗೆ ನಿಧಿ. ಪೇಟೆಯ ವಿಮರ್ಶೆಯಲ್ಲಿ ಈ ಎರಡನೆಯ ಹೆಜ್ಜೆಯೇ ಇಲ್ಲ. ಯಾವ ಸಂಚಿಕೆಯನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಅದು ಕೊಡುವ ಉತ್ತರ ಹೆಚ್ಚಾಗಿ ಒಂದೇ: ಯಾವ ಪಾತ್ರ ಮೊದಲು ಬಂದಿತು? ಕಥೆ ಚೆನ್ನಾಗಿದೆಯೇ, ಗೆರೆಯಲ್ಲಿ ಜೀವವಿದೆಯೇ ಎಂದು ಕೇಳುವವರು ಇಲ್ಲವೆಂದಲ್ಲ. ಆದರೆ ಬೆಲೆಯ ಮಾತಿನಲ್ಲಿ ಅವರ ಧ್ವನಿ ಕೇಳಿಸದು. ಪ್ರಥಮ ದರ್ಶನವು ಸಾಹಿತ್ಯ ಚರಿತ್ರೆಯ ಒಂದು ಸಂಗತಿ, ಒಪ್ಪತಕ್ಕದ್ದೆ. ಸಂಗತಿಯನ್ನೇ ಗುಣವೆಂದು ಎಣಿಸುವುದು ತಾರೀಖನ್ನೇ ಕಾವ್ಯವೆಂದು ಎಣಿಸಿದಂತೆ.

ಕಥೆ ಬೇಕಾದವರು ಮರುಮುದ್ರಣವನ್ನು ಓದಬಹುದಲ್ಲ, ಮೂಲವನ್ನು ಮುಚ್ಚಿಟ್ಟರೇನು ನಷ್ಟ ಎಂದು ಅವರು ಕೇಳುತ್ತಾರೆ. ಮರುಮುದ್ರಣದಲ್ಲಿ ಹಲವು ವೇಳೆ ಬಣ್ಣವನ್ನು ಹೊಸದಾಗಿ ತುಂಬಿರುತ್ತಾರೆ. ಜಾಹೀರಾತುಗಳೂ ಓದುಗರ ಪತ್ರಗಳೂ ಅಲ್ಲಿರುವುದಿಲ್ಲ. ಆ ಕಾಲದ ಮಕ್ಕಳು ಏನನ್ನು ಕೊಳ್ಳಲು ಹಂಬಲಿಸಿದರು, ಕಥೆಯನ್ನು ಕುರಿತು ಏನು ಹೇಳಿದರು ಎಂದು ಅರಸುವವನಿಗೆ ಮೂಲಪ್ರತಿಯೇ ಬೇಕು. ಅದಕ್ಕೆ 3.0 ಅಂಕದ ಕೊಳಕು ಪ್ರತಿ ಸಾಕು. ಪುಣ್ಯವಶಾತ್ ಅಂಥವು ಪೆಟ್ಟಿಗೆಯ ಖರ್ಚಿಗೂ ಬಾರದೆ ಎಷ್ಟೋ ಹೊರಗೇ ಉಳಿದಿವೆ.

ನಮ್ಮ ಕಡೆಗೆ ಒಂದು ಮಾತು. ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿ ‘ಕೃಷ್ಣ’ನೊಡನೆ 11ನೆಯ ಸಂಖ್ಯೆಯಿಂದ ಮೊದಲಾಗುವುದೇಕೆಂದು ಬಹಳ ಜನ ಕೇಳುವುದುಂಟು. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಮೊದಲ ಹತ್ತು ಪುಸ್ತಿಕೆಗಳು ಕನ್ನಡದಲ್ಲಿ ಬಂದಿದ್ದವೆಂಬುದೇ ಅದಕ್ಕೆ ಅವರು ಕೊಟ್ಟ ಉತ್ತರ. ಆ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅನಂತ ಪೈ ಅವರು ಆ ಸರಣಿಯನ್ನು ಪುರಾಣ ಇತಿಹಾಸಗಳ ಕಡೆಗೆ ತಿರುಗಿಸಿದರು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ದೊಡ್ಡ ಸರಣಿಯ ‘ಪ್ರಥಮ ದರ್ಶನ’ ಕನ್ನಡದಲ್ಲಿ ಆಗಿದೆ. ಆ ಹತ್ತರ ಪ್ರತಿಗಳಿಗೆ ಅಂಕ ಬೇಕೆಂದು ನಾನು ಹೇಳುತ್ತಿಲ್ಲ. ಯಾವ ಮನೆಯಲ್ಲಿ ಇದೆ, ಎಷ್ಟು ಪುಟ ಉಳಿದಿದೆ, ಅನುವಾದ ಯಾರದು, ಭಾಷೆ ಹೇಗಿದೆ ಎಂಬ ಒಂದು ವಿವರಣಾತ್ಮಕ ಸೂಚಿ ಬೇಕು. ಊರು ಬಿಟ್ಟು ಬರುವಾಗ ಪೆಟ್ಟಿಗೆಯ ತಳಕ್ಕೆ ಇಂಥವನ್ನು ಹಾಕಿಕೊಂಡು ಬಂದ ಕುಟುಂಬಗಳು ನಮ್ಮ ಸಂಘದ ಸದಸ್ಯರಲ್ಲಿಯೇ ಇರಬಹುದು. ಮುಂದಿನ ಮಹಾಸಭೆಗೆ ಬರುವವರು ಒಮ್ಮೆ ಅಟ್ಟ ಹತ್ತಿ ನೋಡಿ ಬಂದರೆ ಈ ಕೆಲಸವನ್ನು ಅಲ್ಲಿಯೇ ಆರಂಭಿಸಬಹುದು. ತಂದದ್ದನ್ನು ಗುಡಿಸಿ ಒರೆಸಿ ತರಬೇಕಾಗಿಲ್ಲ.

ನನ್ನಲ್ಲಿರುವುದು ಒಂದೇ ಸಂಪುಟ. ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರು ಬಿಡಿ ಚಿತ್ರಕಥೆಗಳನ್ನು ಹನ್ನೆರಡರಂತೆ ಸೇರಿಸಿ ಬೈಂಡು ಮಾಡಿಸುತ್ತಿದ್ದರು. ಬೈಂಡರನು ಮೂರು ಕಡೆಯ ಅಂಚನ್ನೂ ಕತ್ತರಿಸಿ, ಬದಿಯಿಂದ ದಾರ ಹೊಲಿದು, ನೀಲಿ ಕ್ಯಾಲಿಕೊ ಹೊದಿಸಿ ಕೊಟ್ಟಿದ್ದಾನೆ. ಅಂಚು ಕತ್ತರಿಸುವುದೂ ಹೊಲಿಗೆಯ ತೂತುಗಳೂ ಆ ಶಾಸ್ತ್ರದಲ್ಲಿ ಮಹಾಪಾತಕಗಳು. ಆ ರಟ್ಟು ಇಲ್ಲದಿದ್ದರೆ ಅವುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲವೆಂಬುದು ಬೇರೆ ಮಾತು. ಒಳಗೆ ನನ್ನ ತಂಗಿ ರಾಕ್ಷಸರಿಗೆಲ್ಲ ಪೆನ್ಸಿಲಿನಲ್ಲಿ ಕನ್ನಡಕ ಹಾಕಿದ್ದಾಳೆ. ಮೇಲೆ ಹೇಳಿದ ತರುಣ ಮಿತ್ರರಿಗೆ ಒಂದು ಶನಿವಾರ ಅದನ್ನು ತೋರಿಸಿದೆ. ಬೆಳಕಿಗೆ ಹಿಡಿದು, ಬೆನ್ನು ಸವರಿ, ಬಹು ಗಂಭೀರವಾಗಿ ‘0.5’ ಎಂದರು. ಆಮೇಲೆ ನಿಂತಲ್ಲಿಯೇ ಪುಟ ತಿರುವತೊಡಗಿದರು. ಒಂದು ಕಥೆ ಮುಗಿಯಿತು, ಇನ್ನೊಂದು ಮೊದಲಾಯಿತು. ಸೋಮವಾರ ತಂದುಕೊಡುತ್ತೇನೆಂದು ಮನೆಗೆ ಒಯ್ದರು. ಮೂರು ವಾರವಾಯಿತು, ಸಂಪುಟ ಇನ್ನೂ ಬಂದಿಲ್ಲ.